ಉಪ್ಪು ತಿಂದ ಲೋಹ

1761ರಲ್ಲಿ ಬ್ರಿಟಿಷ್ ನೌಕಾಪಡೆ ಒಂದು ದುಬಾರಿ ಪ್ರಯೋಗಕ್ಕೆ ಕೈಹಾಕಿತು. ‘ಅಲಾರ್ಮ್’ ಎಂಬ 32 ತೋಪುಗಳ ಯುದ್ಧನೌಕೆಯ ಮರದ ತಳಕ್ಕೆ ತೆಳುವಾದ ತಾಮ್ರದ ತಗಡು ಹೊದಿಸಿ ವೆಸ್ಟ್ ಇಂಡೀಸ್‌ ಕಡೆಗೆ ಕಳಿಸಿತು. ಆ ಬೆಚ್ಚನೆಯ ನೀರಿನಲ್ಲಿ ಮರ ಕೊರೆಯುವ ಹಡಗುಹುಳುವಿನ ಕಾಟ ವಿಪರೀತ. ಒಳ್ಳೊಳ್ಳೆಯ ಓಕ್ ಹಲಗೆಗಳನ್ನೂ ಅದು ಜರಡಿ ಮಾಡಿಬಿಡುತ್ತಿತ್ತು. ಎರಡು ವರ್ಷ ಕಳೆದು ಹಡಗನ್ನು ಪರೀಕ್ಷಿಸಿದಾಗ ಹುಳುವಿನ ಸುಳಿವಿರಲಿಲ್ಲ, ಪಾಚಿಯೂ ಅಷ್ಟಕ್ಕಷ್ಟೇ. ಆದರೆ ತಗಡು ಅಲ್ಲಲ್ಲಿ ಕಳಚಿಕೊಂಡಿತ್ತು. ಅದನ್ನು ಹಿಡಿದಿಡಬೇಕಿದ್ದ ಕಬ್ಬಿಣದ ಮೊಳೆಗಳು ಸವೆದು, ಮುಟ್ಟಿದರೆ ಉದುರುವ ಸ್ಥಿತಿಗೆ ಬಂದಿದ್ದವು. ವಿಚಿತ್ರವೆಂದರೆ ಕೆಲವು ಮೊಳೆಗಳು ಮಾತ್ರ ಗಟ್ಟಿಯಾಗಿಯೇ ಇದ್ದವು. ಅವುಗಳ ಮತ್ತು ತಾಮ್ರದ ನಡುವೆ ಕಂದು ಬಣ್ಣದ ಕಾಗದ ಸಿಕ್ಕಿಕೊಂಡಿತ್ತು. ತಗಡು ಸರಬರಾಜಾಗುವಾಗ ಅದಕ್ಕೆ ಸುತ್ತಿದ್ದ ಕಾಗದ ಅದು. ಕೆಲಸಗಾರರು ಅದನ್ನು ಬಿಡಿಸುವ ಗೋಜಿಗೆ ಹೋಗದೆ ಹಾಗೆಯೇ ಮೊಳೆ ಜಡಿದಿದ್ದರು.

ಕಾಗದ ಮಾಡಿದ ಉಪಕಾರವೇನೆಂದು ಆಗ ಯಾರಿಗೂ ಪೂರ್ತಿ ಅರ್ಥವಾಗುವಂತಿರಲಿಲ್ಲ. ವೋಲ್ಟಾ ತನ್ನ ಮೊದಲ ಬ್ಯಾಟರಿಯನ್ನು ಲೋಕಕ್ಕೆ ತೋರಿಸಿದ್ದು 1800ರಲ್ಲಿ. ಎರಡು ಬೇರೆ ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡು ಉಪ್ಪುನೀರಿನಲ್ಲಿ ನೆನೆದರೆ ಅಲ್ಲಿ ಬ್ಯಾಟರಿಯೊಂದು ಹುಟ್ಟುತ್ತದೆ. ಎಲೆಕ್ಟ್ರಾನುಗಳನ್ನು ಸಲೀಸಾಗಿ ಬಿಟ್ಟುಕೊಡುವ ಲೋಹ ಕರಗುತ್ತಾ ಹೋಗುತ್ತದೆ, ಅದರ ದೆಸೆಯಿಂದ ಇನ್ನೊಂದು ಬದುಕಿಕೊಳ್ಳುತ್ತದೆ. ಸಮುದ್ರದ ನೀರಿನಲ್ಲಿ ಪ್ರಯೋಗಾಲಯದ ಬೆಳ್ಳಿಯ ವಿದ್ಯುದ್ವಾರವನ್ನು ಎದುರಿಗಿಟ್ಟು ಅಳೆದರೆ ಸತುವಿನ ವಿಭವ ಸುಮಾರು ಮೈನಸ್ 1 ವೋಲ್ಟ್, ಸಾದಾ ಉಕ್ಕಿನದು ಮೈನಸ್ 0.6ರ ಆಸುಪಾಸು, ತಾಮ್ರ ಮತ್ತು ಕಂಚಿನದು ಮೈನಸ್ 0.3ರ ಹತ್ತಿರ, ಆರೋಗ್ಯವಾಗಿರುವ ಸ್ಟೇನ್‌ಲೆಸ್ ಉಕ್ಕಿನದು ಹೆಚ್ಚುಕಡಿಮೆ ಸೊನ್ನೆ. ಈ ಸಾಲಿನಲ್ಲಿ ಮೊದಲು ಬರುವುದೇ ಮೊದಲು ಸಾಯುವುದು. ವಿಸ್ತಾರವೂ ಲೆಕ್ಕಕ್ಕೆ ಬರುತ್ತದೆ. ಇಡೀ ತಳ ತುಂಬಿದ ತಾಮ್ರಕ್ಕೆ ಬೇಕಾದ ಎಲೆಕ್ಟ್ರಾನುಗಳನ್ನೆಲ್ಲ ಬೆರಳಿನಷ್ಟು ದಪ್ಪದ ಮೊಳೆ ಒದಗಿಸಬೇಕೆಂದರೆ ಅದು ಎಷ್ಟು ದಿನ ಬಾಳೀತು? ಅದೇ ದೊಡ್ಡ ಕಬ್ಬಿಣದ ಹಲಗೆಗೆ ಪುಟ್ಟ ತಾಮ್ರದ ಮೊಳೆ ಹೊಡೆದಿದ್ದರೆ ಕಬ್ಬಿಣಕ್ಕೆ ಅಷ್ಟು ಬೇಗ ಕೇಡಾಗುತ್ತಿರಲಿಲ್ಲ.

ಇದೇ ನಿಯಮವನ್ನು ತಲೆಕೆಳಗು ಮಾಡಿ ಬಳಸಿಕೊಂಡವನು ಹಂಫ್ರಿ ಡೇವಿ. ತಾಮ್ರದ ಹೊದಿಕೆಯೇ ನಿಧಾನವಾಗಿ ಸವೆಯುತ್ತಿದೆ, ಏನಾದರೂ ಮಾಡಿ ಎಂದು ನೌಕಾಪಡೆ ಕೇಳಿದಾಗ, ತಾಮ್ರಕ್ಕಿಂತ ಮೊದಲು ಸಾಯುವ ಲೋಹವನ್ನು ಬೇಕೆಂದೇ ಅದಕ್ಕೆ ಅಂಟಿಸಿ ಎಂದ. 1824ರ ಅವನ ಪ್ರಯೋಗಗಳ ಪ್ರಕಾರ ತಾಮ್ರದ ವಿಸ್ತಾರದ ನಲವತ್ತನೇ ಒಂದರಿಂದ ನೂರೈವತ್ತನೇ ಒಂದು ಪಾಲಿನಷ್ಟು ಸತು ಇಲ್ಲವೇ ಕಬ್ಬಿಣವಿದ್ದರೆ ತಾಮ್ರಕ್ಕೆ ಏನೂ ಆಗುವುದಿಲ್ಲ. ಪರೀಕ್ಷೆಗೆ ಒಡ್ಡಿದ ಹಡಗುಗಳಲ್ಲಿ ಕೊಚ್ಚಿಯಲ್ಲಿ ಕಟ್ಟಿದ ‘ಸಮರಾಂಗ್’ ಕೂಡ ಇತ್ತು. ವಿಜ್ಞಾನ ಗೆದ್ದಿತು, ಹಡಗುಗಳು ಸೋತವು. ತಾಮ್ರ ಕರಗುತ್ತಿದ್ದದ್ದರಿಂದಲೇ ಅದರ ವಿಷ ನೀರಿಗೆ ಇಳಿದು ಚಿಪ್ಪುಜೀವಿಗಳನ್ನು ದೂರವಿಡುತ್ತಿತ್ತು. ಕರಗುವುದು ನಿಂತ ಮೇಲೆ ಬಾರ್ನಕಲ್‌ಗಳೂ ಪಾಚಿಯೂ ಹಾಯಾಗಿ ಬಂದು ನೆಲೆಸಿದವು, ಹಡಗುಗಳ ವೇಗ ಕುಗ್ಗಿತು. ಡೇವಿಯ ರಕ್ಷಾಫಲಕಗಳನ್ನು ಕಿತ್ತುಹಾಕಿದರು. ಆ ಉಪಾಯ ಮಾತ್ರ ಸಾಯಲಿಲ್ಲ. ಉಕ್ಕಿನ ದೋಣಿಗಳ ತಳದಲ್ಲಿ, ಪ್ರೊಪೆಲ್ಲರ್ ದಂಡದ ಮೇಲೆ ಇವತ್ತಿಗೂ ಕಾಣುವ ಬೂದು ಬಣ್ಣದ ಸತುವಿನ ಗಟ್ಟಿ ಅದೇ. ದೋಣಿಯಲ್ಲಿ ಸಾಯಲೆಂದೇ ಇಟ್ಟ ಒಂದೇ ಒಂದು ಭಾಗ ಅದು. ಅದನ್ನು ಉಳಿಸಿಕೊಳ್ಳಲು ಹೋಗುವವರು, ಅದರ ಮೇಲೆ ಬಣ್ಣ ಬಳಿಯುವವರು ಈಗಲೂ ಇದ್ದಾರೆ. ಬಣ್ಣ ಬಳಿದ ಸತುವಿನಿಂದ ಪ್ರಯೋಜನವಿಲ್ಲ.

ಕಂದು ಕಾಗದದ ಪಾಠವನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ಕಲಿತದ್ದು ‘ಕಟಿ ಸಾರ್ಕ್’ ಕಾಲದ ಹಡಗು ಕಟ್ಟುವವರು. 1869ರಲ್ಲಿ ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ನೀರಿಗಿಳಿದ ಈ ಚಹಾ ಸಾಗಿಸುವ ಹಾಯಿಹಡಗಿನ ಪಕ್ಕೆಲುಬುಗಳು ಕಬ್ಬಿಣದವು, ಹೊರ ಹಲಗೆಗಳು ಮರದವು, ತಳದ ಹೊದಿಕೆ ನೂರಕ್ಕೆ 60 ಪಾಲು ತಾಮ್ರ, 40 ಪಾಲು ಸತು ಇರುವ ಮಂಟ್ಸ್ ಲೋಹದ್ದು. ಕಬ್ಬಿಣಕ್ಕೂ ಆ ಹಿತ್ತಾಳೆಗೂ ನಡುವೆ ಮರವೇ ಗೋಡೆ. 2006ರ ಕೊನೆಯಲ್ಲಿ ಗ್ರೀನಿಚ್‌ನಲ್ಲಿ ಅದರ ದೊಡ್ಡ ದುರಸ್ತಿ ಆರಂಭವಾಯಿತು. 2007ರ ಮೇ 21ರಂದು ಹಡಗಿಗೆ ಬೆಂಕಿ ಬಿತ್ತು. ದುರಸ್ತಿಗಾಗಿ ಹಾಯಿಕಂಬಗಳನ್ನೂ ಎಷ್ಟೋ ಹಲಗೆಗಳನ್ನೂ ಅಷ್ಟರಲ್ಲೇ ಬಿಚ್ಚಿ ಬೇರೆಡೆಗೆ ಸಾಗಿಸಿದ್ದರಿಂದ ಅವು ಉಳಿದವು. 2012ರಲ್ಲಿ ಮತ್ತೆ ಜನರಿಗೆ ತೆರೆದ ಹಡಗಿನಲ್ಲಿ ಅವನ್ನು ಈಗಲೂ ನೋಡಬಹುದು.

ವಸ್ತುಸಂಗ್ರಹಾಲಯದ ಹಡಗುಗಳಿಗೆ ಸರ್ಕಾರವೂ ದಾನಿಗಳೂ ಇರುತ್ತಾರೆ. ಸಾಮಾನ್ಯರು ಕೊಳ್ಳುವ ಪುಟ್ಟ ಹಾಯಿದೋಣಿಯ ಕತೆ ಬೇರೆ. ಅದು ಶುರುವಾಗುವುದು 1959ರ ನ್ಯೂಯಾರ್ಕ್ ದೋಣಿ ಪ್ರದರ್ಶನದಿಂದ ಎನ್ನಬಹುದು. ಕಾರ್ಲ್ ಆಲ್ಬರ್ಗ್ ವಿನ್ಯಾಸ ಮಾಡಿದ ‘ಪಿಯರ್ಸನ್ ಟ್ರೈಟನ್’ ಎಂಬ 28 ಅಡಿಯ ಫೈಬರ್‌ಗ್ಲಾಸ್ ದೋಣಿ ಅಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡಿತು. ದೋಣಿಯನ್ನು ಅಚ್ಚಿನಲ್ಲಿ ಎರಕ ಹೊಯ್ದಂತೆ ಒಂದರ ಹಿಂದೆ ಒಂದು ತಯಾರಿಸಬಹುದು ಎಂದು ತೋರಿಸಿಕೊಟ್ಟ ಮೊದಮೊದಲ ಮಾದರಿಗಳಲ್ಲಿ ಅದೊಂದು. ಈ ಗಾಜುನಾರಿನ ಒಡಲು ಎಷ್ಟು ವರ್ಷ ಬಾಳುತ್ತದೆಂದು ಆಗ ಯಾರಿಗೂ ಅಂದಾಜಿರಲಿಲ್ಲ, ಹಾಗಾಗಿ ದಪ್ಪವಾಗಿಯೇ ಮಾಡಿದರು. ಫಲವಾಗಿ ಅರುವತ್ತು ವರ್ಷ ಕಳೆದರೂ ಆ ದೋಣಿಗಳು ಅಮೆರಿಕದ ಕೊಲ್ಲಿಗಳಲ್ಲಿ ತೇಲುತ್ತಿವೆ. ಒಡಲಿಗೆ ಮುಪ್ಪಿಲ್ಲ, ಅದರ ಮೇಲಿನ ಸಲಕರಣೆಗಳಿಗೆ ಮುಪ್ಪು ಬಂದಿದೆ. ವಿಂಚು, ರಾಟೆ, ಹಗ್ಗದ ಗೂಟ, ಹಾಯಿಕಂಬದ ತಂತಿ, ಕೊಂಡಿ, ತಿರುಪು ಎಲ್ಲವನ್ನೂ ಹೊಸದಾಗಿ ಕೊಳ್ಳಹೊರಟರೆ ಆ ಹಳೇ ದೋಣಿಯ ಬೆಲೆಯನ್ನೇ ಮೀರಿಸುವ ಬಿಲ್ಲು ಬರುತ್ತದೆ. ಹಾಗಾಗಿ ಈ ದೋಣಿಗಳ ಒಡೆಯರು ಬಡಗಿಗಿಂತ ಹೆಚ್ಚಾಗಿ ರಸಾಯನಶಾಸ್ತ್ರಜ್ಞರಾಗಬೇಕಾಗಿ ಬಂತು.

ಅವರು ಕಲಿಯುವ ಮೊದಲ ಪಾಠ ಸಿಹಿನೀರಿನದು. ಉಪ್ಪು ತಿಂದವ ನೀರು ಕುಡಿಯಲೇಬೇಕು ಎಂಬುದು ಲೋಹದ ವಿಷಯದಲ್ಲಿ ಅಕ್ಷರಶಃ ನಿಜ. ಒಣಗಿದ ಅಡುಗೆ ಉಪ್ಪು ಗಾಳಿಯ ಆರ್ದ್ರತೆ ಶೇ. 75 ದಾಟಿದರೆ ತಾನಾಗಿ ತೇವ ಹೀರಿ ದ್ರಾವಣವಾಗುತ್ತದೆ. ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡ್‌ಗಂತೂ ಶೇ. 33 ಸಾಕು. ಅಂದರೆ ದೋಣಿ ದಡದ ಮೇಲೆ ನಿಂತು ಬಿಸಿಲಿಗೆ ಒಣಗಿದ್ದರೂ ತಿರುಪಿನ ಸಂದಿಯಲ್ಲಿ ಕುಳಿತ ಉಪ್ಪು ರಾತ್ರಿಯಿಡೀ ನೀರು ಕುಡಿಯುತ್ತಿರುತ್ತದೆ, ಬ್ಯಾಟರಿ ಕೆಲಸ ಮಾಡುತ್ತಲೇ ಇರುತ್ತದೆ. ಒಂದು ಬಕೆಟ್ ಸಿಹಿನೀರಿನಲ್ಲಿ ತೊಳೆಯುವುದಕ್ಕೆ ಸಮನಾದ ಔಷಧ ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ.

ಅಲ್ಯೂಮಿನಿಯಂ ಹಾಯಿಕಂಬಕ್ಕೆ ಸ್ಟೇನ್‌ಲೆಸ್ ತಿರುಪು ಹಾಕಿ ಇಪ್ಪತ್ತು ವರ್ಷ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ದೋಣಿಗಳೇ ಸಾಕ್ಷಿ. ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಆ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ತಿರುಪನ್ನು ನಾಲ್ಕೂ ಕಡೆಯಿಂದ ಅಮುಕಿ ಹಿಡಿಯುತ್ತದೆ. ಬಲಪ್ರಯೋಗ ಮಾಡಿದರೆ ತಿರುಪಿನ ತಲೆ ತುಂಡಾಗಿ ಕೈಗೆ ಬರುತ್ತದೆ. ಇಲ್ಲಿ ಬಿಸಿ ಕೆಲಸಕ್ಕೆ ಬರುತ್ತದೆ. ಅಲ್ಯೂಮಿನಿಯಂ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಲಕ್ಷದಲ್ಲಿ 23 ಭಾಗದಷ್ಟು ಹಿಗ್ಗಿದರೆ ಸ್ಟೇನ್‌ಲೆಸ್ 16–17 ಭಾಗ ಹಿಗ್ಗುತ್ತದೆ. ಎರಡನ್ನೂ ಕಾಯಿಸಿದಾಗ ತೂತು ತಿರುಪಿಗಿಂತ ಸ್ವಲ್ಪ ಹೆಚ್ಚು ದೊಡ್ಡದಾಗುತ್ತದೆ, ಪುಡಿಯ ಹಿಡಿತವೂ ಬಿರುಕು ಬಿಡುತ್ತದೆ. ಸಂದಿಗೆ ಇಳಿಯುವ ತೆಳು ಎಣ್ಣೆ ಹಾಕಿ, ಕಾಯಿಸಿ, ತಣಿಸಿ, ಮತ್ತೆ ಕಾಯಿಸಿ, ಕೊಂಚ ಹಿಂದಕ್ಕೂ ಮುಂದಕ್ಕೂ ಅಲುಗಿಸುವ ತಾಳ್ಮೆ ಬೇಕು. ಮತ್ತೆ ಜೋಡಿಸುವಾಗ ತಿರುಪಿನ ಮರೆಗಳಿಗೆ ಎರಡು ಲೋಹಗಳನ್ನು ಬೇರ್ಪಡಿಸುವ ದಪ್ಪನೆಯ ಪೇಸ್ಟ್ ಮೆತ್ತುತ್ತಾರೆ. ಅಲಾರ್ಮ್ ಹಡಗಿನ ಕಂದು ಕಾಗದ ಈಗ ಟ್ಯೂಬಿನಲ್ಲಿ ಬರುತ್ತದೆ, ಅಷ್ಟೇ.

ಕಂಚು ಮತ್ತು ಹಿತ್ತಾಳೆಯನ್ನು ನಮ್ಮ ಮನೆಗಳಲ್ಲಿ ಒಂದೇ ಕಪಾಟಿನಲ್ಲಿ ಇಡುತ್ತೇವೆ. ಸಮುದ್ರದಲ್ಲಿ ಇವೆರಡರ ಹಣೆಬರಹ ತೀರಾ ಬೇರೆ. ತವರ ಬೆರೆತ ಹಳೆಯ ಕಂಚಾಗಲಿ, ನೂರರಲ್ಲಿ ಮೂರು ಪಾಲು ಸಿಲಿಕಾನ್ ಬೆರೆಸಿದ ಈಚಿನ ಕಂಚಾಗಲಿ, ಮೇಲೊಂದು ಹಸಿರು-ಕಂದು ಪದರ ಕಟ್ಟಿಕೊಂಡು ದಶಕಗಟ್ಟಲೆ ಸುಮ್ಮನಿರುತ್ತದೆ. ಆ ಪದರವೇ ಅದರ ಕವಚ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಅದರ ಟಾರ್ಟಾರಿಕ್ ಆಮ್ಲ ತಾಮ್ರದ ಆಕ್ಸೈಡನ್ನು ಕರಗಿಸಿ ಫಳಫಳ ಹೊಳಪು ಬರುತ್ತದೆ ನಿಜ, ಆದರೆ ಅದರೊಂದಿಗೆ ಕವಚವೂ ಹೋಗುತ್ತದೆ, ಲೋಹ ಮತ್ತೆ ಹೊಸದಾಗಿ ತನ್ನನ್ನು ತಾನು ತಿಂದು ಕವಚ ಕಟ್ಟಬೇಕಾಗುತ್ತದೆ. ದೇವರಮನೆಯ ದೀಪಕ್ಕೆ ಸರಿ. ಹಗ್ಗ ಕಟ್ಟುವ ಗೂಟಕ್ಕೆ ವಾರವಾರ ಹೊಳಪು ಕೊಡುವುದು ಒಡೆಯನ ಜಂಬಕ್ಕೆ ಸಲ್ಲುವ ಸೇವೆಯೇ ಹೊರತು ಲೋಹಕ್ಕಲ್ಲ ಎಂಬುದು ನನ್ನ ಅಭಿಪ್ರಾಯ. ಪರೀಕ್ಷಿಸಲೆಂದು ಒಮ್ಮೆ ಚೊಕ್ಕಟ ಮಾಡಿ ಬಿಟ್ಟರೆ ಸಾಕು.

ಪರೀಕ್ಷೆ ಬೇಕಾದದ್ದು ಹಿತ್ತಾಳೆಗೆ. ಸತುವಿನ ಪಾಲು ಹೆಚ್ಚಿರುವ ಹಿತ್ತಾಳೆಯಲ್ಲಿ ವೋಲ್ಟಾನ ಬ್ಯಾಟರಿ ಲೋಹದ ಒಡಲೊಳಗೇ ಅಡಗಿರುತ್ತದೆ. ಸತು ಒಂದೊಂದೇ ಪರಮಾಣುವಾಗಿ ನೀರಿಗಿಳಿದು ಹೋಗುತ್ತದೆ, ತಾಮ್ರದ ರಂಧ್ರಮಯ ಅಸ್ಥಿಪಂಜರ ಉಳಿಯುತ್ತದೆ. ಆಕಾರ, ಗಾತ್ರ, ತಿರುಪಿನ ಮರೆ ಎಲ್ಲವೂ ಮೊದಲಿನಂತೆಯೇ ಇರುತ್ತವೆ, ಶಕ್ತಿ ಮಾತ್ರ ಇರುವುದಿಲ್ಲ. ಇಂಥ ಕೊಳಾಯಿ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಒಂದು ದಿನ ಕೈಯಲ್ಲೇ ಮುರಿದುಬಂದು ದೋಣಿಗೆ ನೀರು ನುಗ್ಗುತ್ತದೆ. ಪತ್ತೆ ಹಚ್ಚುವುದು ಕಷ್ಟವಲ್ಲ. ಚಾಕುವಿನ ತುದಿಯಿಂದ ಕೆರೆದಾಗ ಹಳದಿಯ ಬದಲು ಗುಲಾಬಿ ಬಣ್ಣ ಕಂಡರೆ, ಪುಟ್ಟ ಸುತ್ತಿಗೆಯಿಂದ ತಟ್ಟಿದಾಗ ಠಣ್ಣೆನ್ನದೆ ಒಡೆದ ಗಂಟೆಯ ಹಾಗೆ ಮಂಕಾಗಿ ದಡಕ್ಕೆಂದರೆ, ಅದರ ಕತೆ ಮುಗಿದಂತೆ. ‘ಮ್ಯಾಂಗನೀಸ್ ಕಂಚು’ ಎಂಬ ಹೆಸರು ನಂಬಿ ಮೋಸಹೋದವರು ಬಹಳ. ಅದರಲ್ಲಿ ನೂರಕ್ಕೆ ನಲವತ್ತರಷ್ಟು ಸತುವೇ ಇರುತ್ತದೆ, ಗುಣದಲ್ಲಿ ಅದು ಹಿತ್ತಾಳೆ. ಹೋದ ಸತುವನ್ನು ವಾಪಸು ತುಂಬುವ ವಿದ್ಯೆ ಯಾರ ಬಳಿಯೂ ಇಲ್ಲ.

ಇನ್ನು ವಿಂಚಿಗೆ ಬರೋಣ. ಕರಾವಳಿಯ ಟ್ರಾಲ್ ದೋಣಿಗಳಲ್ಲಿ ಬಲೆ ಎಳೆಯುವ ಯಂತ್ರವೆಂದು ಈ ಹೆಸರು ಪರಿಚಿತ. ಹಾಯಿದೋಣಿಯ ವಿಂಚು ಅದರ ಚಿಕ್ಕ ತಮ್ಮ, ಕೈಯಲ್ಲಿ ತಿರುಗಿಸುವಂಥದ್ದು. ಕೊಡದಾಕಾರದ ಡ್ರಮ್ಮು, ಅದರ ನೆತ್ತಿಯಲ್ಲಿ ಹಿಡಿಕೆ ಸಿಗಿಸುವ ಕುಳಿ, ಹೊಟ್ಟೆಯೊಳಗೆ ಹಲ್ಲುಗಾಲಿಗಳು. ಗಾಳಿ ತುಂಬಿದ ಹಾಯಿ ನೂರಾರು ಕಿಲೋ ಬಲದಿಂದ ಎಳೆಯುವ ಹಗ್ಗವನ್ನು ಒಬ್ಬನೇ ಮನುಷ್ಯ ಬಿಗಿ ಮಾಡುವುದು ಇದರಿಂದ. ಲೆಕ್ಕ ಸರಳ: 254 ಮಿಲಿಮೀಟರ್ ಉದ್ದದ ಹಿಡಿಕೆಯನ್ನು 37 ಮಿಲಿಮೀಟರ್ ತ್ರಿಜ್ಯದ ಡ್ರಮ್ಮಿನಿಂದ ಭಾಗಿಸಿ, ಒಳಗಿನ ಹಲ್ಲುಗಾಲಿಗಳ ಅನುಪಾತ 6 ಎಂದುಕೊಂಡು ಗುಣಿಸಿದರೆ ಸುಮಾರು 41 ಬರುತ್ತದೆ. ಕೈಯಲ್ಲಿ 20 ಕಿಲೋ ಬಲ ಹಾಕಿದರೆ ಹಗ್ಗದಲ್ಲಿ 800 ಕಿಲೋ ದಾಟಬೇಕು. ಒಣಗಿ ಕಲ್ಲಾದ ಗ್ರೀಸು ತುಂಬಿದ ವಿಂಚಿನಲ್ಲಿ ಇದರ ಬಹುಪಾಲು ತಿಕ್ಕಾಟಕ್ಕೇ ಹೋಗುತ್ತದೆ. ತಿರುಗಿಸುವವನು ಏದುಸಿರು ಬಿಡುತ್ತಾ ‘ವಿಂಚು ಸಣ್ಣದಾಯಿತು, ದೊಡ್ಡದು ತರಬೇಕು’ ಎನ್ನುತ್ತಾನೆ. ತರಬೇಕಾದದ್ದು ಸೀಮೆಎಣ್ಣೆ ಮತ್ತು ಹಳೇ ಹಲ್ಲುಜ್ಜುವ ಬ್ರಷ್ಷು.

ವಿಂಚು ಬಿಚ್ಚುವುದರಲ್ಲಿ ಅನುಭವಸ್ಥರ ಒಂದು ಉಪಾಯವಿದೆ. ರಟ್ಟಿನ ಪೆಟ್ಟಿಗೆಯ ತಳದಲ್ಲಿ ವಿಂಚಿನ ಅಳತೆಯ ತೂತು ಕೊರೆದು ಅದನ್ನು ವಿಂಚಿನ ಸುತ್ತ ಕೂರಿಸಿ ಆಮೇಲೆ ಕೆಲಸ ಶುರು ಮಾಡುತ್ತಾರೆ. ಡ್ರಮ್ಮನ್ನು ಮೇಲೆತ್ತುವಾಗ ರೋಲರ್ ಬೇರಿಂಗು ಗ್ರೀಸಿನ ಜಿಗುಟಿಗೆ ಒಳಗೋಡೆಗೆ ಅಂಟಿಕೊಂಡು ಬಂದು, ಸರಿಯಾಗಿ ದೋಣಿಯ ಅಂಚು ದಾಟಿದ ಮೇಲೆ ಜಾರುತ್ತದೆ. ಮುಳುಗುವ ಶಬ್ದವೂ ಕೇಳಿಸುವುದಿಲ್ಲ. ಬಾರಿಯೆಂಟ್, ಬಾರ್ಲೋ ಮುಂತಾದ ಹೆಸರುವಾಸಿ ವಿಂಚುಗಳ ತಯಾರಿ ನಿಂತು ದಶಕಗಳಾಗಿವೆ, ಕಳೆದುಕೊಂಡ ಭಾಗ ಅಂಗಡಿಯಲ್ಲಿ ಸಿಗುವುದು ದುರ್ಲಭ.

ಒಳಗಿರುವ ಭಾಗಗಳಲ್ಲಿ ಅತಿ ಚಿಕ್ಕದು, ಅತಿ ಮುಖ್ಯವಾದದ್ದು ‘ಪಾಲ್’. ಬೆರಳ ತುದಿಯಷ್ಟು ಗಾತ್ರದ ಲೋಹದ ನಾಲಗೆ, ಹಿಂದೆ ಕೂದಲೆಳೆಯಂಥ ಸ್ಪ್ರಿಂಗು. ವಿಂಚು ತಿರುಗುವಾಗ ಕೇಳುವ ಟಿಕ್‌ಟಿಕ್ ಸದ್ದು ಇದರದೇ. ಡ್ರಮ್ಮು ಒಂದು ದಿಕ್ಕಿಗೆ ತಿರುಗಲು ಬಿಟ್ಟು, ಹಿಂದಕ್ಕೆ ಜಾರುವಾಗ ಹಲ್ಲಿಗೆ ಸಿಕ್ಕಿಕೊಂಡು ತಡೆಯುವುದು ಅದರ ಕೆಲಸ. ಉತ್ಸಾಹದಲ್ಲಿ ಎಲ್ಲ ಭಾಗಕ್ಕೂ ಧಾರಾಳವಾಗಿ ಗ್ರೀಸು ಮೆತ್ತಿದವರು ಇಲ್ಲಿ ಎಡವುತ್ತಾರೆ. ಬಡ ಸ್ಪ್ರಿಂಗಿಗೆ ದಪ್ಪ ಗ್ರೀಸನ್ನು ತಳ್ಳುವ ತ್ರಾಣವಿಲ್ಲ, ಪಾಲ್ ತನ್ನ ಗೂಡಿನಲ್ಲೇ ಅಂಟಿಕೊಂಡು ಕೂರುತ್ತದೆ. ಭಾರ ಬಿದ್ದ ಗಳಿಗೆಯಲ್ಲಿ ಡ್ರಮ್ಮು ಹಿಮ್ಮುಖವಾಗಿ ಗಿರ್ರನೆ ತಿರುಗಿದರೆ ಹಿಡಿಕೆ ಕೈಮೂಳೆ ಮುರಿಯುವಷ್ಟು ಬಿರುಸಿನಿಂದ ಬಡಿಯುತ್ತದೆ. ಹಾಗಾಗಿ ಹಲ್ಲುಗಾಲಿಗೆ, ಬೇರಿಂಗಿಗೆ ತೆಳುವಾಗಿ ಗ್ರೀಸು, ಪಾಲ್‌ಗೆ ಬರೇ ಒಂದು ತೊಟ್ಟು ತೆಳು ಎಣ್ಣೆ. ಅಂಚು ದುಂಡಗಾದ ಪಾಲ್ ಮತ್ತು ಸುಸ್ತಾದ ಸ್ಪ್ರಿಂಗನ್ನು ಮುಲಾಜಿಲ್ಲದೆ ಬದಲಿಸಬೇಕು. ಇಡೀ ವಿಂಚಿನ ಬೆಲೆಯ ಮುಂದೆ ಅವುಗಳದು ಪುಡಿಗಾಸು.

ಎರಡನೆಯ ಅಪಾಯ ಹೊರಮೈಯದು, ಅದಕ್ಕೆ ಆಯ್ಲರ್ ಎಂಬ ಗಣಿತಜ್ಞನ ಹೆಸರು ಅಂಟಿಕೊಂಡಿದೆ. ಕಂಬಕ್ಕೆ ಸುತ್ತಿದ ಹಗ್ಗದ ಎರಡು ತುದಿಗಳ ಎಳೆತದ ಅನುಪಾತ ಸುತ್ತು ಹೆಚ್ಚಿದಂತೆ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ ಎಂಬುದು ಅವನ ಸೂತ್ರದ ತಿರುಳು. ಹಗ್ಗಕ್ಕೂ ಡ್ರಮ್ಮಿಗೂ ನಡುವಿನ ಘರ್ಷಣಾಂಕ 0.2 ಇದ್ದು ಮೂರು ಸುತ್ತು ಹಾಕಿದರೆ ಅನುಪಾತ ಸುಮಾರು 43. ಒಂದು ತುದಿಯಲ್ಲಿ 5 ಕಿಲೋ ಬಲದಿಂದ ಹಿಡಿದರೆ ಇನ್ನೊಂದು ತುದಿಯ 215 ಕಿಲೋ ಎಳೆತವನ್ನು ತಡೆದು ನಿಲ್ಲಿಸಬಹುದು. ಈಗ ಒಬ್ಬ ಶ್ರದ್ಧಾವಂತ ಒಡೆಯ ಡ್ರಮ್ಮಿನ ಮೈಮೇಲಿನ ಒರಟು ಗೀರುಗಳನ್ನು ಕೊಳೆಯೆಂದು ಬಗೆದು ಉಜ್ಜುಕಾಗದ ಹಾಕಿ ಕನ್ನಡಿಯಂತೆ ನಯ ಮಾಡಿದನೆನ್ನಿ. ಘರ್ಷಣಾಂಕ 0.1ಕ್ಕೆ ಇಳಿದರೆ ಅನುಪಾತ 6.6 ಮಾತ್ರ, ಅದೇ 5 ಕಿಲೋಗೆ 33 ಕಿಲೋ ನಿಂತರೆ ಹೆಚ್ಚು. ಆ ಒರಟುತನವನ್ನು ಕಾರ್ಖಾನೆಯಲ್ಲಿ ಕಷ್ಟಪಟ್ಟು ಕೊರೆದಿರುತ್ತಾರೆ. ಕ್ರೋಮಿನ ಲೇಪ ಸವೆದು ಒಳಗಿನ ಕಂಚು ಇಣುಕಿದ ಡ್ರಮ್ಮು ನೋಡಲು ಬಡಕಲಾಗಿರಬಹುದು, ಕೆಲಸದಲ್ಲಿ ಅದಕ್ಕೇನೂ ಊನವಿರುವುದಿಲ್ಲ.

ವಿಂಚು ಬರುವುದಕ್ಕೆ ಮೊದಲು ಈ ಭಾರವನ್ನೆಲ್ಲ ಹೊತ್ತದ್ದು ಮರದ ರಾಟೆಗಳು. 1800ರ ಹೊತ್ತಿಗೆ ಬ್ರಿಟಿಷ್ ನೌಕಾಪಡೆಗೆ ವರ್ಷಕ್ಕೆ ಒಂದು ಲಕ್ಷ ರಾಟೆ ಬೇಕಾಗುತ್ತಿತ್ತು. ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಮಾರ್ಕ್ ಬ್ರುನೆಲ್ ವಿನ್ಯಾಸ ಮಾಡಿ ಹೆನ್ರಿ ಮಾಡ್ಸ್ಲಿ ಕಟ್ಟಿಕೊಟ್ಟ 45 ಯಂತ್ರಗಳು 1808ರಲ್ಲಿ ವರ್ಷಕ್ಕೆ 1,30,000 ರಾಟೆಗಳನ್ನು ತಯಾರಿಸಿದವು. ಯಂತ್ರಗಳಿಂದ ಸಾಲುಸಾಲಾಗಿ ಒಂದೇ ಬಗೆಯ ವಸ್ತು ತಯಾರಾದ ಆರಂಭದ ನಿದರ್ಶನ ಅದು. ಆ ರಾಟೆಗಳ ಒಳಗಿನ ಚಕ್ರ ಲಿಗ್ನಮ್ ವೈಟೆ ಎಂಬ ಕೆರಿಬಿಯನ್ ಮರದ್ದು. ನೀರಿನಲ್ಲಿ ಮುಳುಗುವಷ್ಟು ಸಾಂದ್ರವಾದ ಈ ಮರದೊಳಗೆ ಅಂಟುಮೇಣವಿದೆ. ತಿರುಗಿ ಬಿಸಿಯಾದಷ್ಟೂ ಅದು ಒಸರಿ ತನಗೆ ತಾನೇ ಜಾರುಗೊಡುತ್ತದೆ. ಹಡಗುಗಳ ಪ್ರೊಪೆಲ್ಲರ್ ದಂಡಕ್ಕೆ ಬೇರಿಂಗಾಗಿಯೂ ಇದನ್ನು ಬಳಸಿದ್ದುಂಟು. ಈಗ ಆ ಮರ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ, ಹೊಸದು ಸುಲಭಕ್ಕೆ ಸಿಗುವುದಿಲ್ಲ. ಹಳೆಯ ರಾಟೆ ಸಿಕ್ಕವರು ಅದನ್ನು ಬಿಚ್ಚಿ, ಹೊರ ಮರಕ್ಕೆ ಅಗಸೆ ಎಣ್ಣೆ ಕುಡಿಸಿ, ಒಳಗಿನ ಕಂಚಿನ ತಿರುಳನ್ನು ಚೊಕ್ಕಟ ಮಾಡಿದರೆ ಇನ್ನೊಂದು ತಲೆಮಾರಿಗೆ ಸಾಕು.

ಮರಕ್ಕೂ ಲೋಹಕ್ಕೂ ನಡುವಿನ ಹೊಂದಾಣಿಕೆಯಲ್ಲಿ ನಮ್ಮ ತೇಗಕ್ಕೆ ಸಮನಿಲ್ಲ. ಓಕ್ ಮರದ ಟ್ಯಾನಿಕ್ ಆಮ್ಲ ಅದಕ್ಕೆ ಹೊಡೆದ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ, ತುಕ್ಕು ಮರವನ್ನು ಕೊಳೆಸುತ್ತದೆ. ತೇಗದ ಎಣ್ಣೆ ಕಬ್ಬಿಣವನ್ನು ಕಾಪಾಡುತ್ತದೆ. 1817ರಲ್ಲಿ ಮುಂಬಯಿಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಲ್ಲಿ ಕಟ್ಟಿದ ‘ಟ್ರಿಂಕೊಮಲೀ’ ಈಗಲೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. 1990ರ ದಶಕದ ಅದರ ದುರಸ್ತಿಯಲ್ಲಿ ಮೂಲ ಮರದ ಬಹುಪಾಲನ್ನು ಉಳಿಸಿಕೊಳ್ಳಲು ಸಾಧ್ಯವಾಯಿತು. ಮೊಳೆಯ ಗೋಜೇ ಬೇಡವೆಂದು ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುವ ದಾರಿಯೂ ನಮ್ಮ ಪಶ್ಚಿಮ ಕರಾವಳಿಯದ್ದೇ. 2025ರ ಮೇ 21ರಂದು ಕಾರವಾರದಲ್ಲಿ ಭಾರತೀಯ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಅದೇ ವಿಧಾನದಲ್ಲಿ, ಅಜಂತಾದ ಚಿತ್ರವೊಂದನ್ನು ಮಾದರಿಯಾಗಿಟ್ಟುಕೊಂಡು ಕಟ್ಟಿದ ಹಾಯಿಹಡಗು. ಹೊಲಿದದ್ದನ್ನು ಬಿಚ್ಚಬಹುದು, ಹುರಿ ಹಳತಾದರೆ ಹಲಗೆಗೆ ಪೆಟ್ಟಾಗದಂತೆ ಮತ್ತೆ ಹೊಲಿಯಬಹುದು. ಈಗಿನ ಕೆಲವು ಅಗ್ಗದ ರಾಟೆಗಳನ್ನು ರಿವೆಟ್ ಜಡಿದು ಶಾಶ್ವತವಾಗಿ ಮುಚ್ಚಿ ಮಾರುತ್ತಾರೆ. ಅವನ್ನು ಬಿಚ್ಚಲು ಇರುವ ಒಂದೇ ದಾರಿ ಒಡೆಯುವುದು.

ಹಾಯಿ ಮತ್ತು ಹಗ್ಗದ ವಿಷಯ ಬೇಗ ಮುಗಿಯುತ್ತದೆ. ಪಾಲಿಯೆಸ್ಟರ್ ಹಾಯಿಯ ಶತ್ರು ಗಾಳಿಯಲ್ಲ, ಬಿಸಿಲಿನ ನೇರಳಾತೀತ ಕಿರಣ. ಬಟ್ಟೆಯ ಮೇಲೆ ಎದ್ದು ನಿಂತ ಹೊಲಿಗೆಯ ನೂಲು ಮೊದಲು ಸಾಯುತ್ತದೆ, ಬಟ್ಟೆ ಆಮೇಲೆ. ಉಗುರಿನಿಂದ ಗೀರಿದಾಗ ನೂಲು ಕಿತ್ತುಬಂದು ಬಟ್ಟೆ ಗಟ್ಟಿಯಿದ್ದರೆ ಮರುಹೊಲಿಗೆ ಸಾಕು. ಬಟ್ಟೆಯೇ ಕೈಯಲ್ಲಿ ಹರಿದುಬಂದರೆ ಹೊಲಿದು ಫಲವಿಲ್ಲ. ಲಂಗರಿನ ಹಗ್ಗ ಸವೆಯುವುದು ಒಂದೇ ತುದಿಯಲ್ಲಿ, ಹಾಗಾಗಿ ಹಳೇ ನಾವಿಕರು ಅದನ್ನು ತಿರುಗಾಮುರುಗಾ ಮಾಡಿ ಮತ್ತಷ್ಟು ಕಾಲ ಬಳಸುತ್ತಿದ್ದರು. ನೈಲಾನಿಗೆ ಬ್ಲೀಚಿಂಗ್ ಪುಡಿ ತಾಗಿಸಬಾರದು. ಅಂದ ಹಾಗೆ, 1805ರ ಟ್ರಫಾಲ್ಗರ್ ಕದನದಲ್ಲಿ ‘ವಿಕ್ಟರಿ’ ಹಡಗಿನಲ್ಲಿದ್ದ ಹಾಯಿಯೊಂದು ಪೋರ್ಟ್ಸ್‌ಮತ್‌ನಲ್ಲಿ ಉಳಿದಿದೆ. ಅದರಲ್ಲಿ ಗುಂಡುಗಳು ಮಾಡಿದ ಸುಮಾರು 90 ತೂತುಗಳಿವೆ. ಸಂರಕ್ಷಕರು ಕಾಪಾಡುತ್ತಿರುವುದು ಆ ತೂತುಗಳನ್ನೇ. ಅದಕ್ಕೆ ತೇಪೆ ಹಚ್ಚಿದವನಿಗೆ ಕ್ಷಮೆ ಸಿಗಲಾರದು.

ಕೊನೆಗೆ ಸ್ಟೇನ್‌ಲೆಸ್ ಉಕ್ಕು. ಹಳೆಯ ದೋಣಿಯಲ್ಲಿ ಅತಿ ಹೆಚ್ಚು ಸುಳ್ಳು ಹೇಳುವ ಲೋಹ ಇದೇ. ಅದರಲ್ಲಿ ಬೆರೆತ ಕ್ರೋಮಿಯಂ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ. ಗೀರು ಬಿದ್ದರೆ ಪೊರೆ ತಾನೇ ಕೂಡಿಕೊಳ್ಳುತ್ತದೆ, ಆಮ್ಲಜನಕ ಸಿಗುತ್ತಿರುವವರೆಗೆ. ಹಾಯಿಕಂಬವನ್ನು ನಿಲ್ಲಿಸುವ ತಂತಿಗಳು ದೋಣಿಯ ಒಡಲಿಗೆ ಸೇರುವಲ್ಲಿ ಉದ್ದನೆಯ ಉಕ್ಕಿನ ಪಟ್ಟಿಗಳಿರುತ್ತವೆ. ಅವು ಡೆಕ್ ತೂರಿ ಕೆಳಗಿಳಿಯುವ ಒಂದೆರಡು ಇಂಚು ಜಾಗದಲ್ಲಿ ಅಂಟಿನ ಕೆಳಗೆ ಉಪ್ಪುನೀರು ಸಿಕ್ಕಿಕೊಂಡಿರುತ್ತದೆ, ಗಾಳಿಯಾಡುವುದಿಲ್ಲ. ಇದ್ದಬದ್ದ ಆಮ್ಲಜನಕ ಮುಗಿದ ಮೇಲೆ ಪೊರೆ ಸಾಯುತ್ತದೆ. ಕರಗಿದ ಲೋಹ ನೀರಿನೊಡನೆ ವರ್ತಿಸಿ ಆಮ್ಲ ಹುಟ್ಟಿಸುತ್ತದೆ, ಹೊರಗಿನ ಕ್ಲೋರೈಡ್ ಒಳಕ್ಕೆ ಎಳೆದುಕೊಂಡು ಬರುತ್ತದೆ, ಆಮ್ಲ ಇನ್ನಷ್ಟು ಲೋಹವನ್ನು ಕರಗಿಸುತ್ತದೆ. ತನ್ನನ್ನು ತಾನೇ ಬೆಳೆಸಿಕೊಳ್ಳುವ ಕಾಯಿಲೆ. ನೂರಕ್ಕೆ ಎರಡರಿಂದ ಮೂರು ಪಾಲು ಮಾಲಿಬ್ಡಿನಮ್ ಬೆರೆತ 316 ದರ್ಜೆಯ ಉಕ್ಕು ಇದನ್ನು ತಡವಾಗಿಸುತ್ತದೆ, ತಪ್ಪಿಸುವುದಿಲ್ಲ. ಮೇಲೆ ಬಿಸಿಲಿಗೆ ಒಡ್ಡಿದ ಭಾಗ ಬೆಳ್ಳಿಯಂತೆ ಹೊಳೆಯುತ್ತಿರುವಾಗ ಕಾಣದ ಆ ಎರಡಿಂಚು ಅರ್ಧ ಸವೆದಿರಬಹುದು. ಕಣ್ಣಿಗೆ ಕಾಣುವ ಕಂದು ಕಲೆಗಳು ಬರೇ ಮೇಲ್ಮೈಯವು, ಸಿಟ್ರಿಕ್ ಆಮ್ಲದಲ್ಲಿ ತೊಳೆದರೆ ಹೋಗುತ್ತವೆ. ಕಬ್ಬಿಣದ ಬ್ರಷ್ಷಿನಿಂದ ಮಾತ್ರ ಉಜ್ಜಬಾರದು, ಅದರ ಕಣಗಳು ಅಂಟಿಕೊಂಡು ಹೊಸ ತುಕ್ಕಿಗೆ ಬೀಜವಾಗುತ್ತವೆ.

ಆ ಪಟ್ಟಿಗಳನ್ನು ಹೊರತೆಗೆದು ಕೆಂಪು ಬಣ್ಣದ ದ್ರವ ಸವರಿ, ಕಾಲುಗಂಟೆ ಬಿಟ್ಟು ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಬಿರುಕಿದ್ದ ಕಡೆ ಕೆಂಪು ಗೆರೆ ಮೂಡಿ ಬರುತ್ತದೆ. ಗೆರೆ ಮೂಡದಿದ್ದರೆ ಉಜ್ಜಿ, ನಯಗೊಳಿಸಿ ಮತ್ತೆ ಕೂರಿಸಬಹುದು. ಮೂಡಿದರೆ ಬೆಸುಗೆ ಹಾಕಿ ತೇಪೆ ಹಚ್ಚುವ ಯೋಚನೆಯನ್ನು ಬಿಡಬೇಕು. ಕಂಬದ ತಂತಿಗಳ ವಿಷಯದಲ್ಲಿ ಪರೀಕ್ಷೆಗೂ ಅವಕಾಶ ಕಡಿಮೆ. ಪ್ರತಿ ಅಲೆಗೂ ಬಿಗಿಯಾಗಿ ಸಡಿಲಾಗುವ ತಂತಿ ದಣಿವಿನಿಂದ ಮುರಿಯುತ್ತದೆ. ತಡೆಯಬಲ್ಲ ಭಾರಕ್ಕಿಂತ ಎಷ್ಟೋ ಕಡಿಮೆ ಭಾರ ಕೂಡ ಪದೇಪದೇ ಬಿದ್ದರೆ ಉಕ್ಕು ಮುರಿಯುತ್ತದೆ ಎಂಬುದನ್ನು 1850–60ರ ದಶಕಗಳಲ್ಲಿ ರೈಲಿನ ಅಚ್ಚುಗಳ ಮೇಲೆ ಪ್ರಯೋಗ ಮಾಡಿ ತೋರಿಸಿದವನು ಜರ್ಮನಿಯ ಆಗಸ್ಟ್ ವ್ಯೋಲರ್. ಈ ದಣಿವನ್ನು ತೊಳೆಯಲು, ಉಜ್ಜಲು, ಎಣ್ಣೆ ಹಾಕಿ ಇಳಿಸಲು ಬರುವುದಿಲ್ಲ. ಬಿರುಕು ಹುಟ್ಟುವುದೂ ತಂತಿಯ ತುದಿಯನ್ನು ಒತ್ತಿ ಹಿಡಿದ ಕೊಳವೆಯ ಒಳಗೆ, ಕಣ್ಣಿಗೆ ಬೀಳದಂತೆ. ಹತ್ತೊಂಬತ್ತು ಎಳೆಗಳ ತಂತಿಯಲ್ಲಿ ಒಂದೇ ಒಂದು ಎಳೆ ತುಂಡಾಗಿ ಕೈಗೆ ಚುಚ್ಚಿದರೂ ಸಾಕು, ಅದರ ಓರಗೆಯ ತಂತಿಗಳನ್ನೆಲ್ಲ ಇಳಿಸಿ ಹೊಸದು ಹಾಕಬೇಕು. ಹತ್ತರಿಂದ ಹದಿನೈದು ವರ್ಷಕ್ಕೆ ಹೇಗೂ ಬದಲಿಸುವುದು ಸಾಮಾನ್ಯ ರೂಢಿ.

ಹಾಗೆ ತಂತಿ ಬದಲಿಸುವಾಗ ಅದನ್ನು ಬಿಗಿ ಮಾಡುವ ಹಳೆಯ ಕಂಚಿನ ಟರ್ನ್‌ಬಕಲ್‌ಗಳನ್ನು ತಂತಿಯೊಂದಿಗೆ ಗುಜರಿಗೆ ಕೊಡುವವರಿದ್ದಾರೆ. ಹೊಸ ಸ್ಟೇನ್‌ಲೆಸ್ ಟರ್ನ್‌ಬಕಲ್‌ನಲ್ಲಿ ತಿರುಪೂ ಅದರ ಗೂಡೂ ಒಂದೇ ಉಕ್ಕಿನವಾದರೆ, ಭಾರದಲ್ಲಿ ತಿರುಗಿಸುವಾಗ ಪೊರೆ ಹರಿದು ಲೋಹಕ್ಕೆ ಲೋಹ ಬೆಸೆದು ನಡುದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಗರಗಸವೇ ಗತಿ. ಕಂಚಿಗೆ ಈ ಚಾಳಿಯಿಲ್ಲ. ಕೆಂಪು ದ್ರವದ ಪರೀಕ್ಷೆಯಲ್ಲಿ ಪಾಸಾದ ಕಂಚಿನ ಟರ್ನ್‌ಬಕಲ್‌ನ ಮರೆಗಳನ್ನು ಬ್ರಷ್ಷಿನಿಂದ ಬಿಡಿಸಿ, ಲ್ಯಾನೊಲಿನ್ ಸವರಿ, ಹೊಸ ತಂತಿಗೆ ಸಿಗಿಸಿ, ಅದರ ತಡೆಪಿನ್ನನ್ನು ಮಾತ್ರ ಹೊಸದು ಹಾಕಿದರೆ ಸಾಕು.